ಕಟ್ಟಿದ ಮೇಲೆ ಬರೆದ ನಕ್ಷೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾವು ಖರ್ಚಿನ, ತಾಪತ್ರಯದ ಎಚ್ಚರಿಕೆಯಾಗಿ ಬಳಸುತ್ತೇವೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್‌ನ ಆತ್ಮಕಥನ ‘ಮೆಮೊರೀಸ್, ಡ್ರೀಮ್ಸ್, ರಿಫ್ಲೆಕ್ಷನ್ಸ್’ನಲ್ಲಿರುವ ‘ದಿ ಟವರ್’ ಎಂಬ ಅಧ್ಯಾಯವನ್ನು ಈಚೆಗೆ ಮತ್ತೆ ಓದುವಾಗ ಆ ಗಾದೆಯ ‘ನೋಡು’ ಬೇರೆಯಾಗಿ ಕೇಳಿಸಿತು. ಮೊದಲು ಕಟ್ಟು, ಆಮೇಲೆ ನೋಡು. ಕಟ್ಟಿದ್ದು ಏನು ಎಂಬುದು ಆಗ ತಿಳಿಯುತ್ತದೆ. ಯೂಂಗ್‌ನ ಅಧ್ಯಾಯ ನಡೆಯುವುದು ಹೀಗೆಯೇ. ಅದರ ಬಲ ಇರುವುದು ಅಲ್ಲಿ. ನನಗೆ ಅನುಮಾನ ಹುಟ್ಟುವುದೂ ಅಲ್ಲಿಯೇ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ಮೇಲ್ಭಾಗದ ದಂಡೆಯಲ್ಲಿ ಬೋಲಿಂಗೆನ್ ಎಂಬ ಹಳ್ಳಿಯಿದೆ. 1922ರಲ್ಲಿ ಯೂಂಗ್ ಅಲ್ಲಿ ಜಾಗ ಕೊಂಡ. ಸಂಸಾರ, ರೋಗಿಗಳು, ಪತ್ರವ್ಯವಹಾರ ಎಲ್ಲ ಕ್ಯೂಸ್ನಾಕ್ಟ್‌ನ ಮನೆಯಲ್ಲಿ. ಅವುಗಳಿಂದ ಹಿಂದೆ ಸರಿದು ಕೂರುವುದಕ್ಕೆ, ಮುಪ್ಪಿನವರೆಗೂ ಮತ್ತೆ ಮತ್ತೆ ಹೋಗಿ ಇರುವುದಕ್ಕೆ ಬೋಲಿಂಗೆನ್. ತಾಯಿ ತೀರಿಕೊಂಡ 1923ರಲ್ಲೇ ಕೆಲಸ ಶುರುವಾಯಿತು. ಅವನ ಮನಸ್ಸಿನಲ್ಲಿದ್ದದ್ದು ನಡುವೆ ಒಲೆ, ಸುತ್ತ ಗೋಡೆಗೊರಗಿ ಮಲಗುವ ಜಾಗ, ಒಂದೇ ಅಂತಸ್ತಿನ ದುಂಡನೆಯ ಗುಡಿಸಲಿನಂಥ ಮನೆ. ಪಾಯದ ಹಂತದಲ್ಲೇ ಅದು ತೀರ ಒರಟಾಯಿತು ಅನ್ನಿಸಿ ಎರಡು ಅಂತಸ್ತಿನ ಗೋಪುರವಾಯಿತು. 1927ರಲ್ಲಿ ಪಕ್ಕಕ್ಕೊಂದು ನಡುಮನೆ, ಅದಕ್ಕೆ ಅಂಟಿಕೊಂಡ ಚಿಕ್ಕ ಗೋಪುರ. 1931ರಲ್ಲಿ ಆ ಗೋಪುರದ ವಿಸ್ತರಣೆ. 1935ರಲ್ಲಿ ನೀರಿನ ಕಡೆಗೆ ಅಂಗಳ ಮತ್ತು ತೆರೆದ ಜಗಲಿ. ವಿದ್ಯುತ್ ಹಾಕಿಸಲಿಲ್ಲ. ನೀರು ಬಾವಿಯಿಂದ ಬರಬೇಕು, ಸೌದೆ ಒಡೆಯಬೇಕು, ಸಂಜೆ ಹಳೆಯ ದೀಪ ಹಚ್ಚಬೇಕು. ಈ ಭಾಗದಲ್ಲಿ ಯೂಂಗ್‌ನ ಗದ್ಯಕ್ಕೆ ಅಪರೂಪದ ಸರಳತೆ ಬರುತ್ತದೆ. ಅಲ್ಲಿ ಪರಿಭಾಷೆಯಿಲ್ಲ, ಕೈಕೆಲಸವಿದೆ.

ಆದರೆ ಸರಳತೆ ಬಹಳ ಹೊತ್ತು ನಿಲ್ಲುವುದಿಲ್ಲ. ನಾಲ್ಕು ನಾಲ್ಕು ವರ್ಷಗಳ ಅಂತರದಲ್ಲಿ ನಾಲ್ಕು ಭಾಗಗಳಾದವು ಎಂದು ಅವನು ಲೆಕ್ಕ ಹಾಕುತ್ತಾನೆ. ನಾಲ್ಕು ಅವನ ಚಿಂತನೆಯಲ್ಲಿ ಪೂರ್ಣತೆಯ ಸಂಖ್ಯೆ. ಹಾಗಾಗಿ ಬೇಕಾದಾಗ ಬೇಕಾದಂತೆ ಬೆಳೆದ ಮನೆ ಕಥನದಲ್ಲಿ ಚಿತ್ತದ ಪೂರ್ಣತೆಯ ಆಕೃತಿಯಾಗುತ್ತದೆ. ಇಲ್ಲಿಗೆ ನಿಂತಿದ್ದರೆ ಸಿದ್ಧಾಂತ ಗೆಲ್ಲುತ್ತಿತ್ತು. ಮನೆ ನಿಲ್ಲಲಿಲ್ಲ. 1955ರಲ್ಲಿ ಹೆಂಡತಿ ಎಮ್ಮಾ ತೀರಿಕೊಂಡ ಮೇಲೆ, 80 ದಾಟಿದ ಯೂಂಗ್ ಎರಡು ಗೋಪುರಗಳ ನಡುವೆ ತಗ್ಗಿ ಕುಳಿತಿದ್ದ ಭಾಗದ ಮೇಲೆ ಮಹಡಿ ಕಟ್ಟಿಸಿದ. ಆ ತಗ್ಗಿದ ಭಾಗ ತಾನೇ, ಇಷ್ಟು ದಿನ ತಾಯಿಯ ಗೋಪುರದ ಹಿಂದೆ ಅವಿತಿದ್ದೆ ಎಂಬುದು ಅವನ ವಿವರಣೆ. ಓದುವಾಗ ಮನಸ್ಸು ತಟ್ಟುವ ಮಾತು. ಆದರೆ ಲೆಕ್ಕ ತಪ್ಪಿದಾಗಲೂ ಅರ್ಥ ತಪ್ಪಬಾರದು ಎಂಬ ಹಟ ಅದರಲ್ಲಿದೆ. 1923ರಲ್ಲಿ ಇಲ್ಲದಿದ್ದ ನಕ್ಷೆಯನ್ನು ಮುದುಕ ಯೂಂಗ್ ಈಗ ಬರೆಯುತ್ತಿದ್ದಾನೆ.

ಇದಕ್ಕೆ ಒಂದು ಸಣ್ಣ ಸಾಕ್ಷಿ ನಮ್ಮ ಕಡೆಯದೇ. 1931ರ ವಿಸ್ತರಣೆಯಲ್ಲಿ ಅವನು ತನಗೊಬ್ಬನಿಗೇ ಒಂದು ಕೋಣೆ ಮಾಡಿಸಿಕೊಂಡ. ಕೀಲಿ ತನ್ನ ಬಳಿಯೇ, ಅಪ್ಪಣೆಯಿಲ್ಲದೆ ಯಾರೂ ಬರುವಂತಿಲ್ಲ. ಇದಕ್ಕೆ ಪ್ರೇರಣೆ ಭಾರತದ ಮನೆಗಳಲ್ಲಿ ತಾನು ಕಂಡದ್ದು ಎನ್ನುತ್ತಾನೆ: ಪರದೆ ಕಟ್ಟಿ ಬೇರೆ ಮಾಡಿದ ಒಂದು ಮೂಲೆಯಾದರೂ ಅಲ್ಲಿರುತ್ತದೆ, ಮನೆಯವರು ಸ್ವಲ್ಪ ಹೊತ್ತು ಅಲ್ಲಿ ಧ್ಯಾನಕ್ಕೆ ಕೂರುತ್ತಾರೆ. ಆದರೆ ಯೂಂಗ್ ಭಾರತಕ್ಕೆ ಬಂದದ್ದು 1937ರ ಕೊನೆಗೆ, ಕಲ್ಕತ್ತೆಯ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವದ ಆಹ್ವಾನದ ಮೇಲೆ. ಆ ಪ್ರವಾಸದಲ್ಲಿ ಮೈಸೂರಿನ ಮಹಾರಾಜರ ಗುರು ಸುಬ್ರಹ್ಮಣ್ಯ ಅಯ್ಯರ್ ಜೊತೆ ದೀರ್ಘವಾಗಿ ಚರ್ಚಿಸಿದ್ದನ್ನು ಇದೇ ಪುಸ್ತಕ ಹೇಳುತ್ತದೆ. ಅಂದರೆ ಕೋಣೆ ಆದದ್ದು ಮೊದಲು, ನಮ್ಮ ಮನೆಗಳನ್ನು ನೋಡಿದ್ದು ಆರು ವರ್ಷ ಆಮೇಲೆ. ಇದನ್ನು ಸುಳ್ಳು ಎನ್ನಲಾರೆ. ನೆನಪು ಮಾಡುವ ಕೆಲಸವೇ ಇದು: ಆಮೇಲೆ ಕಂಡದ್ದನ್ನು ತಂದು ಮೊದಲಿನ ಗೋಡೆಗೆ ಗಾರೆಯಾಗಿ ಬಳಿಯುತ್ತದೆ. ಪುಸ್ತಕದ ಬಹುಭಾಗ ರೂಪುಗೊಂಡದ್ದು ಅವನ 80ರ ಆಚೆಗಿನ ವಯಸ್ಸಿನಲ್ಲಿ, ಅನಿಯೆಲಾ ಯಾಫೆ ದಾಖಲಿಸಿಕೊಂಡ ಮಾತುಕತೆಗಳಿಂದ ಎಂಬುದನ್ನೂ ಮರೆಯಬಾರದು. ಆ ಮನೆಯ ಕೊನೆಯ ಮಹಡಿ ಈ ಪುಸ್ತಕವೇ.

ಅಧ್ಯಾಯ ನಿಜಕ್ಕೂ ದೊಡ್ಡದಾಗುವುದು ಯೋಜನೆಗೆ ಒಗ್ಗದ ಸಂಗತಿಗಳು ಬಂದಾಗ. 1927ರಲ್ಲಿ ನೆಲ ಅಗೆಯುವಾಗ ಒಂದು ಅಸ್ಥಿಪಂಜರ ಸಿಕ್ಕಿತು. 1799ರ ಯುದ್ಧದಲ್ಲಿ ಮುಳುಗಿ ಸತ್ತ ಫ್ರೆಂಚ್ ಸೈನಿಕನದು. ಯೂಂಗ್ ಅದನ್ನು ಅಲ್ಲೇ ಮಣ್ಣು ಮಾಡಿ, ಗುಂಡು ಹಾರಿಸಿ ಗೌರವ ಸಲ್ಲಿಸಿದ. 1950ರಲ್ಲಿ ತೋಟದ ಗೋಡೆಗೆ ಮೂರು ಮೂಲೆಯ ಕಲ್ಲು ಬೇಕೆಂದು ಹೇಳಿಕಳಿಸಿದರೆ ಗಣಿಯಿಂದ ಚೌಕ ಕಲ್ಲು ಬಂತು. ಮೇಸ್ತ್ರಿ ಸಿಟ್ಟಾಗಿ ವಾಪಸ್ ಕಳಿಸಲು ಹೊರಟ. ಯೂಂಗ್ ಬೇಡವೆಂದು ತಡೆದು, ಅದನ್ನೇ ಇಟ್ಟುಕೊಂಡು, ಅದರ ಮೇಲೆ ಅಕ್ಷರ ಕೆತ್ತಿದ. ತಪ್ಪಿ ಬಂದದ್ದನ್ನು ತನ್ನದೆಂದು ಒಪ್ಪಿಕೊಳ್ಳುವ ಈ ಗಳಿಗೆಗಳಲ್ಲಿ ಅವನು ಮನೆಗೆ ಅರ್ಥ ಹೇರುತ್ತಿಲ್ಲ, ಅದರ ಮಾತು ಕೇಳುತ್ತಿದ್ದಾನೆ.

ಕೇಳಿಸದ ಮಾತುಗಳೂ ಇವೆ. ಎಮ್ಮಾ ಶಾಫ್‌ಹೌಸೆನ್ನಿನ ಶ್ರೀಮಂತ ಕೈಗಾರಿಕೋದ್ಯಮಿಯ ಮಗಳು. ಗೋಪುರಕ್ಕೆ ಬೇಕಾದ ಬಿಡುವು ಎಲ್ಲಿಂದ ಬಂತು, ಐದು ಮಕ್ಕಳ ಸಂಸಾರವನ್ನು ಆ ಹೊತ್ತಿನಲ್ಲಿ ಯಾರು ನೋಡಿಕೊಂಡರು ಎಂಬ ಪ್ರಶ್ನೆ ಅಧ್ಯಾಯದ ಹೊಸ್ತಿಲು ದಾಟುವುದೇ ಇಲ್ಲ. ತಾನೇ ಸೌದೆ ಒಡೆದ ಸಂತೋಷವಿದೆ, ಲೆಕ್ಕದ ಪುಸ್ತಕವಿಲ್ಲ. ಒಬ್ಬನ ಏಕಾಂತಕ್ಕೆ ಇನ್ನೊಬ್ಬರು ತೆತ್ತದ್ದು ಏನು ಎಂದು ಕೇಳದ ಮನೆ ಎಷ್ಟು ಸುಂದರವಾಗಿದ್ದರೂ ನನಗೆ ಅರ್ಧವೇ.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೊಂದು ಸ್ವಂತ ಕಾರಣವಿದೆ. ನಿವೃತ್ತಿಯ ನಂತರ ಇರಲೆಂದು ಊರಿನ ಜಾಗದಲ್ಲಿ ನಾವೂ ಮನೆ ಕಟ್ಟಿಸಿದೆವು. ಮೊದಲ ನಕ್ಷೆಯಲ್ಲಿ ನನ್ನ ಓದಿನ ಕೋಣೆ ಮಹಡಿಯ ಮೇಲಿತ್ತು. ಕೆಲಸ ನಡೆಯುವಾಗಲೇ ಹೆಂಡತಿಯ ಮಂಡಿನೋವು ಹೆಚ್ಚಾಯಿತು, ಮೆಟ್ಟಿಲು ನಕ್ಷೆಯಿಂದ ಹೋಯಿತು, ಓದಿನ ಕೋಣೆ ಮಲಗುವ ಕೋಣೆಯಾಯಿತು. ಯೂಂಗ್ 80ರಲ್ಲಿ ಮೇಲಕ್ಕೆ ಕಟ್ಟಿದ. ನಾವು 60ಕ್ಕೇ ಕೆಳಗಿಳಿದೆವು. ಮೊನ್ನೆ ಮನೆ ನೋಡಲು ಬಂದ ಗೆಳೆಯರಿಗೆ, ನೆಲಕ್ಕೆ ಹತ್ತಿರವಾಗಿರಬೇಕು ಎಂಬುದೇ ನಮ್ಮ ಮೊದಲಿನ ಯೋಚನೆ ಎಂದು ವಿವರಿಸುತ್ತಿದ್ದೆ. ಒಳಗಿಂದ ಇವಳ ದನಿ ಬಂತು: “ಹಾಗಾದ್ರೆ ತಾರಸಿ ಮೇಲೆ ಕಂಬಿ ಯಾಕ್ರೀ ಬಿಡಿಸಿದ್ದು?”

ಉತ್ತರ ಹೊಳೆಯಲಿಲ್ಲ. ಮುಂದೆಂದೋ ಕಟ್ಟುವ ಮಹಡಿಗೆಂದು ಬಿಟ್ಟ ಆ ಕಬ್ಬಿಣದ ಕಂಬಿಗಳು ಮಳೆಗೆ ತುಕ್ಕು ಹಿಡಿಯುತ್ತ ಹಾಗೇ ನಿಂತಿವೆ. ಯೂಂಗ್‌ನ ಕಥನದಲ್ಲಿ ಆರು ವರ್ಷ ಮೊದಲೇ ಬಂದುಬಿಟ್ಟ ಭಾರತ ನನಗೆ ಕಾಣುವುದು ಅಂಥ ಒಂದು ಕಂಬಿಯ ಹಾಗೆ. ಅದನ್ನು ಕತ್ತರಿಸಿ ನಯ ಮಾಡದೆ ಬಿಟ್ಟದ್ದರಿಂದಲೇ ಆ ಅಧ್ಯಾಯವನ್ನು ನಾನಿನ್ನೂ ನಂಬುತ್ತೇನೆ.