ಫಿಟ್‌ನೆಸ್ ಸರ್ಟಿಫಿಕೇಟ್ ಯಾರ ರಕ್ಷಣೆಗೆ?

ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಲ್ಲಿ ಕಾಲೇಜು ಕ್ರೀಡಾಪಟುವಿನ ಹೃದಯ ತಪಾಸಣೆ ಎಂದರೆ ಬಹುಪಾಲು ಒಂದು ಫಿಟ್‌ನೆಸ್ ಸರ್ಟಿಫಿಕೇಟ್. ನಾಡಿ, ಬಿಪಿ, ತೂಕ, ಕೆಳಗೆ ವೈದ್ಯರ ಸಹಿ. ಕಬಡ್ಡಿ ತಂಡ ಪಂದ್ಯಕ್ಕೆ ಹೊರಡಲು ಇಷ್ಟು ಸಾಕು. ಎದೆಯೊಳಗಿನ ರೋಗ ಹಿಡಿಯಲು ಸಾಲದು. ಹೃದಯದ ಸ್ನಾಯು ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ವಂಶದಲ್ಲಿ ಹರಿದುಬರುವ ಕಾಯಿಲೆ. ಅದಿದ್ದರೂ ಬಿಪಿ, ನಾಡಿ ಸರಿಯಾಗಿಯೇ ಇರಬಹುದು.

ತಪಾಸಣೆ ತಪ್ಪಿದಾಗ ಕೈಹಿಡಿಯಬೇಕಾದ ತುರ್ತು ಚಿಕಿತ್ಸೆಯೂ ನಂಬುವಂತಿಲ್ಲ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್ ನಡೆದಿತ್ತು. ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದು, ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು, ಬದುಕಲಿಲ್ಲ. ಅಷ್ಟು ದೊಡ್ಡ ಪಂದ್ಯದಲ್ಲೇ ತುರ್ತು ಚಿಕಿತ್ಸೆಯ ಏರ್ಪಾಡು ಟೀಕೆಗೆ ಗುರಿಯಾಯಿತು. ತಾಲೂಕು ಮೈದಾನದ ಮಾತೇನು?

ಹಾಗಾದರೆ ಎಲ್ಲರಿಗೂ ಇಸಿಜಿ ಕಡ್ಡಾಯ ಮಾಡಿದರಾಯಿತೇ? ಇಟಲಿ 1982ರಲ್ಲೇ ಮಾಡಿತು. ವೆನೆಟೊ ಪ್ರಾಂತ್ಯದಲ್ಲಿ ಕ್ರೀಡಾಪಟುಗಳ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಯಿತು. ಇಸ್ರೇಲಿನ ಕಡ್ಡಾಯ ಕಾನೂನಿನಿಂದ ಅಂಥ ಇಳಿಕೆ ಕಾಣಲಿಲ್ಲ. ಅಮೆರಿಕದ ಹೃದ್ರೋಗ ಸಂಘ 14 ಅಂಶಗಳ ಪ್ರಶ್ನೆ ಮತ್ತು ದೇಹಪರೀಕ್ಷೆಗೆ ಒತ್ತು ಕೊಡುತ್ತದೆ. ಪಳಗಿದ ಆಟಗಾರನ ನಿಧಾನ ಬಡಿತವೂ ಇಸಿಜಿಯಲ್ಲಿ ರೋಗದಂತೆ ಕಾಣಬಹುದು. ತಪ್ಪು ಎಚ್ಚರಿಕೆಯೊಂದು ಕ್ರೀಡಾ ಕೋಟಾ ನಂಬಿದ ಬಡ ಹುಡುಗನ ದಾರಿಯನ್ನೇ ಮುಚ್ಚೀತು.

ಕಾನೂನಿನ ಮುಖವೂ ಇಷ್ಟೇ ಗೋಜಲು. 'ಏನಾದರೂ ಆದರೆ ನಾವೇ ಹೊಣೆ' ಎಂದು ಪಾಲಕರಿಂದ ಬರೆಸಿಕೊಳ್ಳುವ ಕಾಗದ ನಿರ್ಲಕ್ಷ್ಯವನ್ನು ಅಳಿಸದು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದಾದ ಸಾವನ್ನು ಅಪರಾಧವೆನ್ನುತ್ತದೆ. ಇನ್ನೊಂದೆಡೆ, ರೋಗ ಗೊತ್ತಾದವನನ್ನು ಆಟದಿಂದ ತಡೆಯಬಹುದೇ? ವೈದ್ಯರ ಸಲಹೆಯ ಆಧಾರದಲ್ಲಿ ತಡೆಯಬಹುದೆಂದು ಹೇಳಿದ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಹೃದ್ರೋಗವಿದ್ದ ವಿದ್ಯಾರ್ಥಿ ಆಟಗಾರ ನ್ಯಾಪ್‌ನ 1996ರ ಪ್ರಕರಣದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪರ ನಿಂತಿತು.

ನಮ್ಮಲ್ಲಿ ದಾರಿ ಇಲ್ಲವೆಂದಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಆಸ್ಪತ್ರೆಯ ತಜ್ಞರಿಗೆ ಜೋಡಿಸಿದೆ. ಅದು ಹೃದಯಾಘಾತಕ್ಕೆಂದು ಕಟ್ಟಿದ್ದು, ಕ್ರೀಡಾಪಟುಗಳಿಗೂ ವಿಸ್ತರಿಸಬಹುದು. ಆಡುವಾಗ ತಲೆಸುತ್ತಿ ಬಿದ್ದಿದ್ದೀಯಾ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರಾ ಎಂದು ವೈದ್ಯರು ಮೊದಲು ಎಲ್ಲರನ್ನೂ ಕೇಳಲಿ. ಸಂಶಯವಿದ್ದವರಿಗೆ ಇಸಿಜಿ, ಎಕೋ ಆಗಲಿ. ವರದಿ ಗುಟ್ಟಾಗಿರಲಿ. ಯಾವ ತಪಾಸಣೆಯೂ ಎಲ್ಲವನ್ನೂ ಹಿಡಿಯದ ಕಾರಣ ಮೈದಾನದಲ್ಲಿ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ, ಎದೆಯೊತ್ತಿ ಉಸಿರು ಕೊಡುವ ಸಿಪಿಆರ್ ಬಲ್ಲ ದೈಹಿಕ ಶಿಕ್ಷಣ ನಿರ್ದೇಶಕ ಇರಲೇಬೇಕು. ಇವಿಲ್ಲದ ಸರ್ಟಿಫಿಕೇಟ್ ಕಾಲೇಜಿನ ಕಡತವನ್ನು ಕಾಯುತ್ತದೆ, ಹುಡುಗನನ್ನಲ್ಲ.