ಹಳ್ಳದ ದಂಡೆಯ ದಿನಗಣನೆ

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಯಲ್ಲಿ ಪಶುಪಾಲನೆಯು ಎಷ್ಟು ಪುರಾತನವೆಂಬುದನ್ನು ಲಿಂಗಸುಗೂರು ಕಡೆಯ ಪಿಕ್ಲಿಹಾಳವೂ ನೆರೆಯ ಮಹಬೂಬ್‌ನಗರ ಸೀಮೆಯ ಉತ್ನೂರೂ ತೋರಿಸಿಕೊಟ್ಟಿವೆ. ಪುರಾತತ್ತ್ವಜ್ಞ ಎಫ್. ಆರ್. ಆಲ್‌ಚಿನ್ ಅವರು 1950ರ ದಶಕದಲ್ಲಿ ಉತ್ನೂರಿನ ಬೂದಿದಿಬ್ಬವನ್ನು ಅಗೆದು ನೋಡಿದಾಗ, ಅದು ನವಶಿಲಾಯುಗದ ದನದ ದೊಡ್ಡಿಯೆಂದೂ, ಸಗಣಿಯು ಮತ್ತೆ ಮತ್ತೆ ಉರಿದು ಬೂದಿಯಾದ ನೆಲೆಯೆಂದೂ ತಿಳಿದುಬಂದಿತು. ಆ ನೆಲದಲ್ಲಿ ದನಗಳ ಗೊರಸಿನ ಗುರುತುಗಳೂ ಅಳಿಯದೆ ಉಳಿದಿದ್ದವು. ಇಷ್ಟು ದೀರ್ಘಕಾಲದಿಂದ ಗೊರಸನ್ನು ಹೊತ್ತ ನೆಲವನ್ನು ನಾವಿಂದು ಹೇಗೆ ಮೇಯಿಸುತ್ತಿದ್ದೇವೆ, ಅದರಲ್ಲಿ ಮೆಚ್ಚತಕ್ಕುದೇನು, ತಿದ್ದತಕ್ಕುದೇನು ಎಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ದೇವದುರ್ಗ, ಮಾನ್ವಿಗಳ ಕಡೆಯ ಸಣ್ಣ ಹಿಡುವಳಿದಾರನಿಗೆ ಎರಡೆತ್ತು, ಒಂದೆರಡು ಎಮ್ಮೆ, ಹತ್ತಿಪ್ಪತ್ತು ಕುರಿ ಇದ್ದರೆ, ಅವುಗಳಿಗೆ ಆಧಾರವಾದುದು ಮನೆಯ ಬಣವಿಯ ಜೋಳದ ಕಣಿಕಿ, ಹೊಲದ ಬದು, ಊರಿನ ಗಾಯರಾಣ ಎಂಬ ಗೋಮಾಳ, ಮತ್ತು ಹಳ್ಳದ ದಂಡೆ. ಇವುಗಳಲ್ಲಿ ಮೊದಲೆರಡನ್ನು ಆತನು ಜೋಪಾನಮಾಡುತ್ತಾನೆ. ಕೊನೆಯ ಎರಡನ್ನು ಬಳಸುತ್ತಾನೆ, ಅಷ್ಟೆ.

ನಮ್ಮ ಮೇಯಿಸುವ ಪದ್ಧತಿಯಲ್ಲಿ ಅತ್ಯಂತ ಶ್ಲಾಘ್ಯವಾದುದು, ಹಿಂಗಾರಿ ಜೋಳದ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುವ ಸಂಪ್ರದಾಯ. ಕುರುಬರ ಹಿಂಡು ಹಗಲೆಲ್ಲ ಮೇದು ರಾತ್ರಿ ಒಬ್ಬ ರೈತನ ಎರೆಹೊಲದಲ್ಲಿ ತಂಗುತ್ತದೆ. ಹಟ್ಟಿಯು ದಿನಕ್ಕೊಂದು ಕಡೆ ಸರಿಯುತ್ತದೆ. ಹಿಕ್ಕೆಯೂ ಮೂತ್ರವೂ ನೆಲದುದ್ದಕ್ಕೂ ಸಮನಾಗಿ ಬೀಳುತ್ತವೆ. ರೈತನು ಇದಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಎಷ್ಟು ಕುರಿ, ಎಷ್ಟು ರಾತ್ರಿ, ಯಾವ ಮೂಲೆಯಿಂದ ಯಾವ ಮೂಲೆಗೆ ಎಂಬ ಲೆಕ್ಕವು ಇಬ್ಬರ ನಾಲಗೆಯ ಮೇಲೂ ಇರುತ್ತದೆ. ಈ ಪದ್ಧತಿಯ ಜೀವಾಳವಿರುವುದು ಆ ಲೆಕ್ಕದಲ್ಲಿಯೇ.

ಆದರೆ ಅದೇ ಹಿಂಡು, ಅದೇ ಕುರುಬ, ಹಳ್ಳಕ್ಕಿಳಿದಾಗ ಫಲವು ವಿಪರೀತವಾಗುತ್ತದೆ. ಮುಂಗಾರು ಬಿದ್ದು ಮಸಾರಿ ಹೊಲಗಳಲ್ಲಿ ಪೈರು ಎದ್ದ ಮೇಲೆ ಜಾನುವಾರುಗಳಿಗೆ ಗುಡ್ಡ, ಗಾಯರಾಣ, ಹಳ್ಳಗಳಲ್ಲದೆ ಬೇರೆ ಗತಿಯಿಲ್ಲ. ಹೀಗಾಗಿ ದಂಡೆಯ ಮಣ್ಣು ನೆನೆದು ಮೆತ್ತಗಾಗಿರುವ, ಹುಲ್ಲು ಎಳೆಯದಾಗಿರುವ, ಇನ್ನೂ ಬೀಜ ಕಟ್ಟದಿರುವ ತಿಂಗಳುಗಳಲ್ಲಿಯೇ ಹಿಂಡು ಅಲ್ಲಿ ನೆಲೆನಿಲ್ಲುತ್ತದೆ. ಮೇದ ಹುಲ್ಲು ಬೇರಿನಲ್ಲಿ ಕೂಡಿಟ್ಟ ಸತ್ತ್ವವನ್ನು ವ್ಯಯಿಸಿ ಚಿಗುರುತ್ತದೆ. ಆ ಚಿಗುರು ಬಲಿತು ಬೇರಿಗೆ ಮರಳಿ ಆಹಾರವನ್ನು ಒದಗಿಸುವ ಮುನ್ನವೇ ಎರಡನೆಯ ಸಲ ಬಾಯಿಗೆ ಸಿಕ್ಕಿದರೆ ಬೇರು ಕುಗ್ಗುತ್ತದೆ. ದಂಡೆಯನ್ನು ಹಿಡಿದು ನಿಲ್ಲಿಸಿರುವುದು ಆ ಬೇರಲ್ಲದೆ ಮತ್ತೇನೂ ಅಲ್ಲ. ಇಲ್ಲಿ ರಾತ್ರಿಗಳನ್ನು ಎಣಿಸುವ ಒಡೆಯನಿಲ್ಲ. ಎಣಿಕೆಯಿಲ್ಲದ ಕಡೆ ವಿಶ್ರಾಂತಿಯೂ ಇಲ್ಲ.

ಫ್ರಾನ್ಸಿನ ಆಂದ್ರೆ ವ್ವಾಜೆಂ ಎಂಬ ವಿದ್ವಾಂಸನು 1957ರಲ್ಲಿ ಪ್ರಕಟಿಸಿದ ಹುಲ್ಲಿನ ಉತ್ಪಾದಕತೆಯನ್ನು ಕುರಿತ ಗ್ರಂಥದಲ್ಲಿ, ಅತಿಮೇವಿಗೆ ಕಾರಣ ಜಾನುವಾರುಗಳ ಸಂಖ್ಯೆಗಿಂತ ಹೆಚ್ಚಾಗಿ ಅವು ಒಂದೆಡೆ ನಿಲ್ಲುವ ಕಾಲ ಮತ್ತು ಹಿಂದಿರುಗುವ ಅವಧಿ ಎಂದು ಪ್ರತಿಪಾದಿಸಿದನು. ನಮ್ಮ ಕುರುಬನು ಹೊಲದಲ್ಲಿ ಆಚರಿಸುವುದೂ ಇದೇ ತತ್ತ್ವ. ನಮ್ಮ ಕಾನೂನಾದರೋ ಈ ತತ್ತ್ವವನ್ನು ಇನ್ನೂ ಅಂಗೀಕರಿಸಿಲ್ಲ: ಕರ್ನಾಟಕದ 1966ರ ಭೂಕಂದಾಯ ನಿಯಮಗಳು 100 ದನಗಳಿಗೆ 30 ಎಕರೆ ಗೋಮಾಳವಿರಬೇಕೆನ್ನುತ್ತವೆ; ಅವು ತಲೆಗಳನ್ನು ಎಣಿಸಿದವು, ಎಕರೆಗಳನ್ನು ಅಳೆದವು, ದಿನಗಳನ್ನು ಮಾತ್ರ ಎಣಿಸಲಿಲ್ಲ.

ಮಾನ್ವಿಯ ಕಡೆ ದಂಡೆಗೆ ಬಿಡುವಿಲ್ಲದ ಈ ದೋಷವು ಇಮ್ಮಡಿಯಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತವು ಹಬ್ಬಿದಂತೆಲ್ಲ ಕುರಿ ನಿಲ್ಲುತ್ತಿದ್ದ ಬಯಲು ಕಡಿಮೆಯಾಯಿತು. ಗದ್ದೆಯ ಬಸಿನೀರು ಸೇರಿ ಹಳ್ಳಗಳು ಬೇಸಗೆಯಲ್ಲಿಯೂ ತೇವವಾಗಿ ಉಳಿದು, ತಗ್ಗಿನ ನೆಲವು ಸವುಳು ಜವುಳಾಯಿತು. ಒಣನೆಲದ ದೇವದುರ್ಗದಲ್ಲಿ ದಂಡೆಗೆ ಬೇಸಗೆಯಾದರೂ ಬಿಡುವು ಕೊಡುತ್ತಿತ್ತು. ಇಲ್ಲಿ ಆ ಬಿಡುವೂ ತಪ್ಪಿತು.

ಇದಕ್ಕೆ ಪರಿಹಾರವಾಗಿ ದಂಡೆಗೆ ಬೇಲಿ ಬಿಗಿದು ದನವನ್ನು ಶಾಶ್ವತವಾಗಿ ಹೊರಗಿಡಬೇಕೆಂಬ ಮತವೊಂದುಂಟು. ಅದನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಬಳ್ಳಾರಿ ಜಾಲಿ ಬೇರೂರಿರುವ ಈ ಸೀಮೆಯಲ್ಲಿ, ಮನುಷ್ಯನ ಕೈಯೂ ಹೋಗದಂತೆ ಮುಚ್ಚಿಬಿಟ್ಟ ನೆಲವು ಹುಲ್ಲಿಗಿಂತ ಮೊದಲು ಮುಳ್ಳಿನ ಪಾಲಾಗುವುದು; ಅಲ್ಲದೆ ಅಂಗೈಯಗಲದ ಹೊಲವುಳ್ಳವನು ಆ ಮೇವನ್ನು ತ್ಯಜಿಸಿ ಬಾಳಲಾರ. ಬೇಕಾದುದು ತ್ಯಾಗವಲ್ಲ, ಕಾಲನಿಯಮ. ಮುಂಗಾರಿನಿಂದ ದೀಪಾವಳಿಯವರೆಗೆ ದಂಡೆಗೆ ಗೊರಸು ಬೀಳದಿರಲಿ. ಆ ತಿಂಗಳುಗಳಲ್ಲಿ ಬದುವಿನ ಹುಲ್ಲನ್ನೂ ಮೇವಿನ ಜೋಳವನ್ನೂ ಕೊಯ್ದು ಕೊಟ್ಟಿಗೆಗೆ ತರುವ ಶ್ರಮವನ್ನು ರೈತನು ವಹಿಸಲಿ. ಬೀಜ ಉದುರಿ ಮಣ್ಣು ಗಟ್ಟಿಯಾದ ಚಳಿಗಾಲದಲ್ಲಿ ದಂಡೆಯನ್ನು ತುಂಡುತುಂಡಾಗಿ, ತುಂಡಿಗೆ ಕೆಲವೇ ದಿನಗಳಂತೆ ಮೇಯಿಸಲಿ. ನೀರಿಗೆ ಹಿಂಡನ್ನೆಲ್ಲ ಹಳ್ಳಕ್ಕೆ ಇಳಿಸುವುದರ ಬದಲು ಮೇಲಿನ ಗಟ್ಟಿ ನೆಲದಲ್ಲೊಂದು ತೊಟ್ಟಿಯನ್ನು ಕಟ್ಟಿಸಲಿ. ಅದಾಗದಿದ್ದರೆ ಕಲ್ಲು ಹಾಸಿದ ಒಂದೇ ಇಳಿದಾರಿಯನ್ನು ಗೊತ್ತುಮಾಡಲಿ. ರಾಯಚೂರು ನಗರದ ಕೃಷಿ ವಿಶ್ವವಿದ್ಯಾಲಯವು ಇಂಥ ಒಂದು ದಂಡೆಯನ್ನು ಹಳ್ಳಿಗರ ಕಣ್ಣೆದುರಿಗೆ ಬೆಳೆಸಿ ತೋರಿಸಿದರೆ, ಅದು ನೂರು ಭಾಷಣಗಳಿಗಿಂತ ಹೆಚ್ಚಿನ ಉಪಕಾರವಾದೀತು.

ನಮ್ಮವರಿಗೆ ಹೊಸ ವಿದ್ಯೆಯನ್ನು ಕಲಿಸಬೇಕಾಗಿಲ್ಲ. ಇರುವ ವಿದ್ಯೆಯು ಹೊಲದ ಬದುವಿನಲ್ಲಿಯೇ ನಿಂತುಹೋಗಿದೆ, ಅದು ಹಳ್ಳದವರೆಗೆ ನಡೆದು ಬರಬೇಕು. ಉತ್ನೂರಿನ ಬೂದಿಯಲ್ಲಿ ಗೊರಸಿನ ಗುರುತು ಸಹಸ್ರಾರು ವರ್ಷ ಉಳಿಯಿತು. ನೆನೆದ ದಂಡೆಯಲ್ಲಿ ಅದೇ ಗುರುತು ಮುಂದಿನ ಮಳೆಗೆ ಕೊರಕಲಾಗುತ್ತದೆ. ಎರೆಹೊಲಕ್ಕೆ ರಾತ್ರಿಗಳನ್ನು ಎಣಿಸುವ ಬೆರಳುಗಳೇ ದಂಡೆಗೆ ಹಗಲುಗಳನ್ನೂ ಎಣಿಸಲಿ.