ನಿರಾಕರಿಸುವ ಪೋರ್ಟ್

ಹವ್ಯಾಸಿಯೊಬ್ಬ ತನ್ನ ಮನೆಯ ಗಣಕದಲ್ಲಿಯೇ ನಡೆಸುವ, ಹೊರಗಿನವರು ಸಂಪರ್ಕಿಸಿ ಸಂದೇಶ ಓದಿ ಬರೆಯಬಹುದಾದ ವ್ಯವಸ್ಥೆಯೇ ಬುಲೆಟಿನ್ ಬೋರ್ಡ್, ಅರ್ಥಾತ್ ಬಿಬಿಎಸ್. 1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸ್ಯೂಸ್ ಆರಂಭಿಸಿದ ಈ ಪರಿಪಾಠಕ್ಕೆ, ಒಂದು ಬೋರ್ಡಿನ ಟಪಾಲನ್ನು ಮತ್ತೊಂದಕ್ಕೆ ತಾನಾಗಿ ತಲುಪಿಸುವ ಫಿಡೋನೆಟ್ ಜಾಲವನ್ನು 1984ರಲ್ಲಿ ಟಾಮ್ ಜೆನ್ನಿಂಗ್ಸ್ ಕೂಡಿಸಿದರು. ಅತುಲ್ ಚಿಟ್ನಿಸ್ ಬೆಂಗಳೂರಿನಲ್ಲಿ ಸಿಐಎಕ್ಸ್ ಎಂಬ ಬೋರ್ಡನ್ನು ನಡೆಸುತ್ತಿದ್ದ ಕಾಲದಲ್ಲಿ ಇಂಥ ಸಂಪರ್ಕ ದೂರವಾಣಿ ತಂತಿ ಮತ್ತು ಮೋಡೆಮ್‌ಗಳನ್ನು ನಂಬಿದ್ದರಿಂದ, ಕರೆ ಕೂಡದಿದ್ದರೆ ಕಾರಣ ಎಂಗೇಜ್ ಸದ್ದೋ ತಂತಿಯ ಗದ್ದಲವೋ ಎಂಬುದು ಕಿವಿಗೇ ತಿಳಿಯುತ್ತಿತ್ತು. ಇಂದಿನ ನೋಡ್‌ಗಳು, ಎಂದರೆ ಜಾಲದ ಸದಸ್ಯ ಗಣಕಗಳು, ಹೆಚ್ಚಾಗಿ ಅಂತರ್ಜಾಲದ ಮೇಲೆ ಬಿಂಕ್‌ಪಿ ಎಂಬ ನಿಯಮಾವಳಿಯಂತೆ 24554ನೇ ಪೋರ್ಟ್‌ನಲ್ಲಿ ಟಪಾಲು ಬದಲಿಸಿಕೊಳ್ಳುತ್ತವೆ; ಪೋರ್ಟ್ ಎಂಬುದು ಒಂದೇ ಗಣಕದ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ.

ಈ ಪೋರ್ಟ್‌ಗೆ ಮಾಡಿದ ಕರೆ ಕೂಡದೆ, ಸಂಪರ್ಕ ನಿರಾಕೃತವಾಯಿತೆಂಬ ಸಾಲು ಪರದೆಯಲ್ಲಿ ಕಂಡೊಡನೆ ಜಾಲವೇ ಕೆಟ್ಟಿತೆಂದು ಭಾವಿಸುವುದು ತಪ್ಪು ದಾರಿಗೆ ಮೊದಲ ಹೆಜ್ಜೆ. ಕರೆಯುವ ಗಣಕ ಕಳಿಸಿದ ಸಿನ್ ಎಂಬ ಮೊದಲ ಪ್ಯಾಕೆಟ್, ಎಂದರೆ ದತ್ತಾಂಶದ ತುಣುಕು, ತಲುಪಿದಾಗ, ಆ ಪೋರ್ಟ್‌ನಲ್ಲಿ ಕಾದಿರುವ ತಂತ್ರಾಂಶ ಯಾವುದೂ ಇಲ್ಲದಿದ್ದರೆ, ಎದುರಿನ ಗಣಕ ರೀಸೆಟ್ ಪ್ಯಾಕೆಟ್ಟನ್ನು ಹಿಂದಿರುಗಿಸುತ್ತದೆ. ಆದ್ದರಿಂದ ನಿರಾಕರಣೆ ಬಂತೆಂದರೆ ಆ ವಿಳಾಸದಲ್ಲಿ ಯಾರೋ ಉತ್ತರಿಸಿದ್ದಾರೆ. ಪ್ಯಾಕೆಟ್ ದಾರಿಯಲ್ಲಿ ಕಳೆದಿದ್ದರೆ ಅಥವಾ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ನುಂಗಿದ್ದರೆ ಕಾಣುವುದು ನಿರಾಕರಣೆಯಲ್ಲ, ಕಾಲ ಮೀರಿತೆಂಬ ಸೂಚನೆ.

ಹೀಗಾಗಿ ಹುಡುಕಾಟ ಎದುರು ತುದಿಯಿಂದಲೇ ಆರಂಭವಾಗಬೇಕು. ಟಪಾಲು ಸಾಗಿಸುವ ಬಿಂಕ್‌ಡಿ ತಂತ್ರಾಂಶ ನಿಂತುಹೋಗಿರಬಹುದು, ಇಲ್ಲವೇ 127.0.0.1 ಎಂಬ ತನ್ನೊಳಗಿನ ವಿಳಾಸಕ್ಕೆ ಮಾತ್ರ ಕಿವಿಗೊಟ್ಟಿರಬಹುದು; ಲಿನಕ್ಸ್‌ನ ಎಸ್‌ಎಸ್ ಆದೇಶ ಎರಡನ್ನೂ ಕ್ಷಣದಲ್ಲಿ ತೋರಿಸುತ್ತದೆ. ಇವೆರಡೂ ಸರಿಯಿದ್ದಾಗ ಅತಿ ಹೆಚ್ಚು ದಣಿಸುವುದು ವಿಳಾಸದ ದೋಷ. ಜಾಲದ ಸದಸ್ಯರನ್ನು ದಾಖಲಿಸುವ ನೋಡ್‌ಪಟ್ಟಿಯಲ್ಲಿನ ಹೆಸರು ಹಳೆಯ ಐಪಿ ವಿಳಾಸವನ್ನೇ ಸೂಚಿಸುತ್ತಿದ್ದರೆ, ಆ ವಿಳಾಸವನ್ನು ಈಗ ಪಡೆದಿರುವ ಅಪರಿಚಿತ ಗಣಕವೊಂದು ಪ್ರಾಮಾಣಿಕವಾಗಿಯೇ ನಿರಾಕರಿಸುತ್ತದೆ. ಹೆಸರಿಗೆ ಐಪಿವಿ6 ಎಂಬ ಹೊಸ ಬಗೆಯ ವಿಳಾಸವೂ ಇದ್ದು ತಂತ್ರಾಂಶ ಹಳೆಯ ಬಗೆಯಾದ ಐಪಿವಿ4ರಲ್ಲಷ್ಟೇ ಕಾದಿದ್ದರೆ, ಒಬ್ಬನಿಗೆ ಕೂಡುವ ಕರೆ ಮತ್ತೊಬ್ಬನಿಗೆ ಕೂಡುವುದಿಲ್ಲ. ಗುಪ್ತಪದ ಹೊಂದಿಕೆಯಾಗದಿರುವುದು ಮಾತ್ರ ಬೇರೆ ವರ್ಗದ ತೊಂದರೆ, ಏಕೆಂದರೆ ಅದು ಸಂಪರ್ಕ ಕೂಡಿದ ಮೇಲೆ ಹುಟ್ಟುವಂಥದು.

ರಾಯಬಾಗ ಸೀಮೆಯ ಪಾಲಬಾವಿಯಂಥ ಊರಿನಲ್ಲಿ ಮೊಬೈಲ್ ಸಂಪರ್ಕವನ್ನೇ ನೆಚ್ಚಿ ನೋಡ್ ನಡೆಸಬಯಸುವವರಿಗೆ ಇನ್ನೊಂದು ಅಡ್ಡಿಯಿದೆ. ಐಪಿವಿ4 ವಿಳಾಸಗಳ ಕೊರತೆಯಿಂದ ಸೇವಾದಾತರು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಡುತ್ತಾರೆ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗೆ ಆರಂಭವಾಗುವ ವಿಳಾಸಗಳನ್ನು ಮೀಸಲಿಡಲಾಯಿತು. ರೂಟರಿನ ಹೊರ ವಿಳಾಸ ಈ ವ್ಯಾಪ್ತಿಯಲ್ಲಿದ್ದರೆ, ಮನೆಯಲ್ಲಿ ಪೋರ್ಟ್ ಎಷ್ಟು ತೆರೆದರೂ ಐಪಿವಿ4ರ ಹೊರಗಿನ ಕರೆ ಒಳಬರದು. ಆದರೂ ಕೈಚೆಲ್ಲಬೇಕಿಲ್ಲ: ಹೊರಹೋಗುವ ಕರೆಗೆ ತಡೆಯಿಲ್ಲವಾದ್ದರಿಂದ, ಹಬ್ ಎಂಬ ಕೇಂದ್ರ ನೋಡ್ ಟಪಾಲನ್ನು ಕಾದಿರಿಸುವಂತೆ ಒಪ್ಪಿಸಿ, ಹಳ್ಳಿಯ ನೋಡ್ ತಾನೇ ನಿಯತವಾಗಿ ಕರೆದು ಒಂದೇ ಸಂಪರ್ಕದಲ್ಲಿ ತನ್ನದನ್ನು ಕೊಟ್ಟು ಅಲ್ಲಿಯದನ್ನು ತರಬಹುದು.